ವಿಂಡ್‌ಸರ್ಫಿಂಗ್ ಬೋರ್ಡಿಗೆ ಎಷ್ಟು ಉದ್ದದ ಫಿನ್ ಬೇಕು?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು, ತೂಕ 62 ಕೆ.ಜಿ. ವಿಂಡ್‌ಸರ್ಫಿಂಗ್ ಕಲಿತು ಎರಡು ವರ್ಷವಾಯಿತು. ಹಾರ್ನೆಸ್ (ಮೈಗೆ ಕಟ್ಟಿ ಹಾಯಿಗೆ ಕೊಂಡಿ ಹಾಕುವ ಪಟ್ಟಿ) ಮತ್ತು ಕಾಲುಪಟ್ಟಿ ರೂಢಿಯಾಗಿವೆ. ಕಳೆದ ಹಂಗಾಮಿನಲ್ಲಿ 120 ಲೀಟರಿನ, 75 ಸೆಂ.ಮೀ. ಅಗಲದ ಹಳೆಯ ಫ್ರೀರೈಡ್ ಬೋರ್ಡೊಂದನ್ನು ಕೊಂಡೆ. ಅದರ ಜೊತೆಗೆ ತಳದ ಹಿಂಭಾಗಕ್ಕೆ ಸಿಕ್ಕಿಸುವ 46 ಸೆಂ.ಮೀ. ಉದ್ದದ ಫಿನ್ ಬಂತು. ನನ್ನಲ್ಲಿ 6.5 ಮತ್ತು 5.5 ಚದರ ಮೀಟರಿನ ಎರಡು ಹಾಯಿಗಳಿವೆ. ಗಾಳಿ ಜೋರಾದರೆ ಬೋರ್ಡಿನ ಒಂದು ಅಂಚು ಮೇಲೆದ್ದು ಹಿಡಿತ ತಪ್ಪುತ್ತದೆ. ಗೆಳೆಯನ 30 ಸೆಂ.ಮೀ. ಫಿನ್ ಹಾಕಿದರೆ ಬೋರ್ಡಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ಗಾಳಿಗೆ ಎದುರೇರಲು ಆಗುವುದೇ ಇಲ್ಲ. ದೇವಬಾಗ ಮತ್ತು ಕಾಳಿ ನದಿಮುಖದ ಆಸುಪಾಸಿನಲ್ಲಿ ಆಡುತ್ತೇನೆ. ಅಲ್ಲಿ ಎರಡು ಸಲ ಫಿನ್ ಮರಳುದಿಬ್ಬಕ್ಕೆ ತಾಗಿದೆ. ಯಾವ ಅಳತೆಯ ಫಿನ್ ಕೊಳ್ಳಲಿ?

ಉತ್ತರ: ಮೊದಲು ಅಳತೆಯನ್ನೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನಿಮ್ಮ 6.5ರ ಹಾಯಿಗೆ 38 ಸೆಂ.ಮೀ. ಉದ್ದದ ನೇರ ಫಿನ್ ಬೇಕು. ನದಿಮುಖದಲ್ಲಿ ನೀರು ಇಳಿದ ಹೊತ್ತಿಗೆಂದು, ಹಿಂದಕ್ಕೆ ಓರೆಯಾಗಿ ಬಾಗಿದ, ಬುಡ ಅಗಲವಿರುವ, ಸುಮಾರು 30 ಸೆಂ.ಮೀ. ಮಾತ್ರ ಆಳಕ್ಕಿಳಿಯುವ ಇನ್ನೊಂದು ಫಿನ್ ಇದ್ದರೆ ಒಳ್ಳೆಯದು. 46ರ ಫಿನ್ನನ್ನು ಮಾರಬೇಡಿ. ಒಂದಕ್ಕೆ ಮಾತ್ರ ಹಣವಿದ್ದರೆ ಯಾವುದನ್ನು ಮೊದಲು ಕೊಳ್ಳಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ಏಕೆಂದರೆ ಅದು ಗಾಳಿಗಿಂತ ಹೆಚ್ಚಾಗಿ ನೀವು ಇಳಿಯುವ ನೀರಿನ ಆಳವನ್ನು ಅವಲಂಬಿಸಿದೆ.

ಫಿನ್ ಎಂದರೆ ಬೋರ್ಡಿನ ಚುಕ್ಕಾಣಿ ಎಂದು ಹಲವರು ತಿಳಿದಿರುತ್ತಾರೆ. ಬೋರ್ಡನ್ನು ತಿರುಗಿಸುವುದು ನಿಮ್ಮ ಪಾದಗಳ ಒತ್ತಡ ಮತ್ತು ಹಾಯಿಯನ್ನು ಹಿಂದೆ ಮುಂದೆ ವಾಲಿಸುವ ಕ್ರಮ. ಫಿನ್ನಿನ ಮುಖ್ಯ ಕೆಲಸ ಬೇರೆಯದು. ನೀವು ಗಾಳಿಗೆ ಅಡ್ಡಲಾಗಿ ಅಥವಾ ತುಸು ಎದುರಾಗಿ ಹೊರಟಾಗ ಹಾಯಿಯ ಮೇಲಿನ ಗಾಳಿಯ ಬಲದಲ್ಲಿ ಬಹುಪಾಲು ಬೋರ್ಡನ್ನು ಪಕ್ಕಕ್ಕೆ ದೂಡುತ್ತದೆ, ಉಳಿದ ಅಲ್ಪ ಪಾಲು ಮಾತ್ರ ಮುಂದಕ್ಕೆ ಎಳೆಯುತ್ತದೆ. ಆ ಪಕ್ಕದ ದೂಡಿಕೆಯನ್ನು ನೀರಿನೊಳಗಿನಿಂದ ತಡೆದು ನಿಲ್ಲಿಸುವುದು ಫಿನ್. ಅದು ಕೇವಲ ಅಡ್ಡ ನಿಂತು ತಡೆಯುವ ಹಲಗೆಯಲ್ಲ, ಲಂಬವಾಗಿ ನೀರಿಗಿಳಿಸಿದ ಒಂದು ರೆಕ್ಕೆ; ಬೋರ್ಡ್ ತಾನು ನೋಡುತ್ತಿರುವ ದಿಕ್ಕಿಗಿಂತ ಕೆಲವೇ ಡಿಗ್ರಿ ಓರೆಯಾಗಿ ಚಲಿಸುವುದರಿಂದ ಫಿನ್ನಿನ ಒಂದು ಮಗ್ಗುಲಲ್ಲಿ ನೀರಿನ ಒತ್ತಡ ಹೆಚ್ಚಿ, ಇನ್ನೊಂದು ಮಗ್ಗುಲಲ್ಲಿ ತಗ್ಗಿ, ಗಾಳಿ ಬರುವ ಕಡೆಗೆ ಎಳೆಯುವ ಬಲ ಹುಟ್ಟುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ಕಾರಣ, ಆರೂವರೆ ಚದರ ಮೀಟರಿನ ಹಾಯಿಗೆ ಅಂಗೈ ಅಗಲದ ಒಂದು ಫಿನ್ ಸರಿಸಾಟಿಯಾಗಿ ನಿಲ್ಲಬಲ್ಲದು.

ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಎರಡೂ ತೊಂದರೆಗಳು ಒಂದೇ ಗಂಟಿನ ಎರಡು ತುದಿಗಳೆಂದು ಗೊತ್ತಾಗುತ್ತದೆ. ಬೋರ್ಡ್ 8 ನಾಟ್ ವೇಗದಲ್ಲಿರುವಾಗ ಫಿನ್ ಕೊಡುವ ಬಲಕ್ಕಿಂತ, ಅದೇ ಓರೆಯಲ್ಲಿ 16 ನಾಟ್ ವೇಗದಲ್ಲಿರುವಾಗ ಅದು ಕೊಡುವ ಬಲ ನಾಲ್ಕು ಪಟ್ಟು. ಆದ್ದರಿಂದ ದೊಡ್ಡ ಫಿನ್ ನಿಜವಾಗಿ ಬೇಕಾಗುವುದು ವೇಗವಾಗಿ ಓಡುವಾಗಲ್ಲ; ಬೋರ್ಡ್ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಎದ್ದು ಜಾರಲು ತೊಡಗುವ, ಅಂದರೆ ಪ್ಲೇನಿಂಗಿಗೆ ಏರುವ ಆ ಕೆಲವು ಕ್ಷಣಗಳಲ್ಲಿ. ಒಮ್ಮೆ ಎದ್ದ ಮೇಲೆ ಅದೇ ಫಿನ್ ಅಗತ್ಯಕ್ಕಿಂತ ಹೆಚ್ಚು ಬಲ ಕೊಡತೊಡಗುತ್ತದೆ, ಮತ್ತು ಆ ಹೆಚ್ಚುವರಿ ಬಲ ಎಲ್ಲಾದರೂ ಹೋಗಲೇಬೇಕು.

ಅದು ಹೋಗುವುದು ಬೋರ್ಡನ್ನು ಮಗುಚುವ ಕಡೆಗೆ. ಫಿನ್ನಿನ ಬಲ ಬೋರ್ಡಿನ ತಳದಿಂದ ಒಂದಷ್ಟು ಕೆಳಗೆ, ಗಾಳಿ ಬರುವ ಕಡೆಗೆ ಎಳೆಯುತ್ತಿರುತ್ತದೆ. ಹಾಗಾಗಿ ಗಾಳಿ ಬರುವ ಕಡೆಯ ಅಂಚು ಮೇಲೇಳಲು ನೋಡುತ್ತದೆ. ಆ ಅಂಚಿನ ಮೇಲೆ ನಿಂತ ನಿಮ್ಮ ಪಾದಗಳು ಅದನ್ನು ಕೆಳಗೊತ್ತಿ ಸಮತೋಲ ಕಾಯುತ್ತವೆ. ಫಿನ್ ಉದ್ದವಾದಷ್ಟೂ ಈ ಎತ್ತುವಿಕೆ ಹೆಚ್ಚು. ಬೋರ್ಡ್ ಅಗಲವಾದಷ್ಟೂ ನಿಮ್ಮ ಪಾದಗಳು ನಡುಗೆರೆಯಿಂದ ದೂರವಿದ್ದು ಅದನ್ನು ಒತ್ತಿಹಿಡಿಯುವ ಸನ್ನೆ ಉದ್ದವಾಗುತ್ತದೆ. ನೀವು ಭಾರವಾಗಿದ್ದಷ್ಟೂ ಒತ್ತುವ ಬಲ ಹೆಚ್ಚು. ಫಿನ್ನಿನ ಅಳತೆಯನ್ನು ಹಾಯಿಯೊಂದರಿಂದಲೇ ನಿರ್ಧರಿಸದೆ ಬೋರ್ಡಿನ ಅಗಲ ಮತ್ತು ಸವಾರನ ತೂಕವನ್ನೂ ಸೇರಿಸಿ ನೋಡುವುದು ಇದೇ ಕಾರಣಕ್ಕೆ. 62 ಕೆ.ಜಿ. ತೂಕದ ನಿಮಗೆ 75 ಸೆಂ.ಮೀ. ಅಗಲದ ಬೋರ್ಡಿನಲ್ಲಿ 46ರ ಫಿನ್ ಜೋರು ಗಾಳಿಗೆ ಅಂಚೆತ್ತುತ್ತಿರುವುದು ನಿಮ್ಮ ಕಲಿಕೆಯ ದೋಷವಲ್ಲ. 85 ಕೆ.ಜಿ. ತೂಕದವರು ಅದೇ ಬೋರ್ಡಿನ ಮೇಲೆ, ಅದೇ ಗಾಳಿಯಲ್ಲಿ, ಇನ್ನೂ ದೊಡ್ಡ ಹಾಯಿ ಹಿಡಿದು ಅದೇ ಫಿನ್ನಿನಲ್ಲಿ ನೆಮ್ಮದಿಯಾಗಿ ಓಡಿಯಾರು.

ಅಗಲಕ್ಕೂ ಉದ್ದಕ್ಕೂ ಇರುವ ಈ ನಂಟು ಎಷ್ಟು ದೂರ ಹೋಗುತ್ತದೆಂದರೆ, ಒಂದು ಮೀಟರ್ ಅಗಲದ, ಫಾರ್ಮುಲಾ ಎಂಬ ಪಂದ್ಯದ ಬೋರ್ಡುಗಳಿಗೆ 70 ಸೆಂ.ಮೀ. ಫಿನ್ ಹಾಕುತ್ತಾರೆ. 2008ರಿಂದ ಟೋಕಿಯೋ ಕ್ರೀಡಾಕೂಟದವರೆಗೆ ಒಲಿಂಪಿಕ್ಸಿನಲ್ಲಿದ್ದ ಆರ್‌ಎಸ್‌ಎಕ್ಸ್ ಬೋರ್ಡಿನ ಅಗಲ 93 ಸೆಂ.ಮೀ.; ಪುರುಷರಿಗೆ 9.5 ಚದರ ಮೀಟರಿನ ಹಾಯಿ, 66 ಸೆಂ.ಮೀ. ಫಿನ್. ಇನ್ನೊಂದು ತುದಿಯಲ್ಲಿ, ಅಲೆಗಳ ಮೇಲೆ ಆಡುವ ಕಿರಿದಾದ ಬೋರ್ಡುಗಳಿಗೆ ಮತ್ತು ಫ್ರೀಸ್ಟೈಲ್ ಬೋರ್ಡುಗಳಿಗೆ 20 ಸೆಂ.ಮೀ. ಆಸುಪಾಸಿನ ಫಿನ್ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಎದುರೇರುವುದಕ್ಕಿಂತ ತಟ್ಟನೆ ತಿರುಗುವುದು ಮುಖ್ಯ. ಬೋರ್ಡಿನ ಅಗಲ ಎಂದಾಗ ನಡುವಿನ ಅಗಲಕ್ಕಿಂತ ಹಿಂಭಾಗದ ಅಗಲವನ್ನು ನೋಡಬೇಕು: ತುದಿಯಿಂದ ಒಂದು ಅಡಿ ಮುಂದೆ ಅಳೆದರೆ ಸಿಗುವ ಅಳತೆಯೇ ಫಿನ್ನಿಗೆ ಲೆಕ್ಕ. ಒಂದೇ 75 ಸೆಂ.ಮೀ. ಅಗಲದ ಎರಡು ಬೋರ್ಡುಗಳಲ್ಲಿ ಒಂದರ ಬಾಲ ಚೂಪಾಗಿದ್ದು ಇನ್ನೊಂದರದು ಹಲಗೆಯಂತೆ ಅಗಲವಾಗಿದ್ದರೆ ಎರಡನೆಯದು ಇನ್ನೂ ಎರಡು ಮೂರು ಸೆಂ.ಮೀ. ಉದ್ದದ ಫಿನ್ನನ್ನು ತಾಳುತ್ತದೆ.

ನಿಮ್ಮಂಥ ಫ್ರೀರೈಡ್ ಬೋರ್ಡುಗಳಿಗೆ ನಾನು ಬಳಸುವ ಸ್ಥೂಲ ಲೆಕ್ಕ ಹೀಗಿದೆ. ಹಾಯಿಯ ವಿಸ್ತೀರ್ಣವನ್ನು ಐದರಿಂದ ಗುಣಿಸಿ ಐದು ಕೂಡಿಸಿದರೆ ಫಿನ್ನಿನ ಉದ್ದ ಸೆಂಟಿಮೀಟರುಗಳಲ್ಲಿ ಸಿಗುತ್ತದೆ. ನಿಮ್ಮ 6.5ರ ಹಾಯಿಗೆ 37.5, 5.5ರ ಹಾಯಿಗೆ 32.5, ಮುಂದೆ 7.5ರ ಹಾಯಿ ಕೊಂಡರೆ 42.5. ಹಗುರ ಸವಾರರು ಇದರಿಂದ ಒಂದೆರಡು ಸೆಂ.ಮೀ. ಕಳೆಯಬಹುದು, ಭಾರದವರು ಕೂಡಿಸಬಹುದು. ಇದು ಅಡುಗೆಮನೆಯ ಕೈಯಳತೆಯ ಹಾಗೆ: ತಪ್ಪು ದಾರಿ ಹಿಡಿಸದು, ಆದರೆ ಕೊನೆಯ ಮಾತನ್ನೂ ಆಡದು. 38ರ ಫಿನ್ 5.5ರ ಹಾಯಿಗೆ ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ. ಅದೊಂದಕ್ಕೆಂದು ಇನ್ನೊಂದು ನೇರ ಫಿನ್ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಾದರೆ 46ರದನ್ನು ಏಕೆ ಇಟ್ಟುಕೊಳ್ಳಬೇಕು? ಕಾರವಾರದ ಗಾಳಿಯ ಸ್ವಭಾವವೇ ಕಾರಣ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೆಳಿಗ್ಗೆ ಘಟ್ಟದ ಕಡೆಯಿಂದ ಬರುವ ತೆಳುಗಾಳಿ ಹತ್ತು ಹನ್ನೊಂದರ ಹೊತ್ತಿಗೆ ಸತ್ತು, ನೆಲ ಕಾದ ಮೇಲೆ ಪಶ್ಚಿಮ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ಮಧ್ಯಾಹ್ನ ಮೂರರ ಆಸುಪಾಸಿಗೆ 12ರಿಂದ 15 ನಾಟ್ ಸಿಕ್ಕರೆ ಅದನ್ನು ಒಳ್ಳೆಯ ದಿನವೆಂದೇ ನಾನು ಲೆಕ್ಕ ಹಾಕುತ್ತೇನೆ. ಇಂಥ ಗಾಳಿಯಲ್ಲಿ 6.5ರ ಹಾಯಿ ಹಿಡಿದ ನೀವು ಪ್ಲೇನಿಂಗಿನ ಹೊಸ್ತಿಲಲ್ಲೇ ನಿಂತಿರುತ್ತೀರಿ. ಅಲ್ಲಿ ದೊಡ್ಡ ಫಿನ್ ನಿಮ್ಮನ್ನು ಒಳಗೆ ದಾಟಿಸುತ್ತದೆ. ಅಂದರೆ ನಿಮ್ಮ 46ರ ಫಿನ್ ತಪ್ಪು ಅಳತೆಯದಲ್ಲ, 12 ನಾಟಿನ ದಿನಕ್ಕೆ ಹೊಂದುವ ಅದನ್ನು ನೀವು 18 ನಾಟಿನ ದಿನಕ್ಕೂ ಹಾಕಿಕೊಂಡು ಹೋಗುತ್ತಿದ್ದೀರಿ. ಆ ದೊಡ್ಡ ಫಿನ್ನಿನಲ್ಲಿಯೇ ಗಾಳಿ ಏರಿಬಿಟ್ಟರೆ ಮಾಸ್ಟಿನ (ಹಾಯಿಯ ಕಂಬದ) ಬುಡವನ್ನು ಹಳಿಯಲ್ಲಿ ಎರಡು ಸೆಂ.ಮೀ. ಮುಂದಕ್ಕೆ ಸರಿಸಿ, ಬೂಮನ್ನು (ನೀವು ಹಿಡಿಯುವ ಅಡ್ಡಗೋಲನ್ನು) ತುಸು ಕೆಳಗಿಳಿಸಿ ನೋಡಿ. ಮೂತಿ ಕೆಳಗಿಳಿದು ಬೋರ್ಡ್ ಒಂದಷ್ಟು ಶಾಂತವಾಗುತ್ತದೆ. ಜೂನ್ ನಂತರದ ಮಳೆಗಾಲದ ಗಾಳಿಯ ಮಾತು ನಾನು ಎತ್ತುವುದಿಲ್ಲ. ಆಗಿನ ಅಲೆಗಳಲ್ಲಿ ನದಿಮುಖಕ್ಕೆ ಇಳಿಯುವುದು ಯಾವ ಫಿನ್ನಿನಿಂದಲೂ ಸರಿಹೋಗುವ ವಿಷಯವಲ್ಲ, ಮೀನುಗಾರರೇ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟಿರುವ ಕಾಲವದು.

ಈಗ ಮುಖ್ಯ ತೊಡಕಿಗೆ ಬರೋಣ, ಏಕೆಂದರೆ ಹೊರದೇಶದ ಕೈಪಿಡಿಗಳಲ್ಲಿ ಇದಕ್ಕೆ ನೇರ ಉತ್ತರ ಸಿಗುವುದು ಕಡಿಮೆ. ನೀವು ಆಡುವ ಜಾಗದಲ್ಲಿ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ದಡ ಬಿಡಬೇಕಾದರೆ ಮೊದಲ ನೂರು ಮೀಟರ್ ನೀವು ಗಾಳಿಗೆ ಎದುರೇರಲೇಬೇಕು, ಅದಕ್ಕೆ ಉದ್ದನೆಯ ಫಿನ್ ಬೇಕು. ಆದರೆ ಅದೇ ನೂರು ಮೀಟರಿನಲ್ಲಿ ನೀರು ಅತಿ ಕಡಿಮೆ ಇರುತ್ತದೆ, ಅದಕ್ಕೆ ಮೋಟು ಫಿನ್ ಬೇಕು. ಕಾಳಿ ನದಿ ತಂದು ಸುರಿಯುವ ಮರಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಹೋದ ವರ್ಷ ಸದಾಶಿವಗಡದ ಎದುರಿಗೆ ಎದೆಮಟ್ಟ ನೀರಿದ್ದ ಜಾಗದಲ್ಲಿ ಈ ವರ್ಷ ಮೊಣಕಾಲು ಮಟ್ಟ ಇರಬಹುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಎರಡು ಮೀಟರಿನ ಹತ್ತಿರ ಹೋಗುವುದರಿಂದ, ಒಂದೇ ದಿನದ ಮಧ್ಯಾಹ್ನ ಎರಡಕ್ಕೂ ಸಂಜೆ ಆರಕ್ಕೂ ನಿಮ್ಮ ಮೈದಾನ ಬೇರೆಯಾಗಿಬಿಡುತ್ತದೆ.

ಓಡುತ್ತಿರುವ ಬೋರ್ಡಿನ ಫಿನ್ ಮರಳಿಗೆ ಕಚ್ಚಿದರೆ ಬೋರ್ಡ್ ನಿಲ್ಲುತ್ತದೆ, ಹಾರ್ನೆಸ್ಸಿಗೆ ಸಿಕ್ಕಿಕೊಂಡ ನೀವು ಹಾಯಿಯ ಜೊತೆ ಮುಂದಕ್ಕೆ ಎಸೆಯಲ್ಪಡುತ್ತೀರಿ. ಮೈಗೆ ಆಗುವ ಪೆಟ್ಟು ಕಣ್ಣಿಗೆ ಕಾಣುತ್ತದೆ. ಬೋರ್ಡಿಗೆ ಆಗುವುದು ಕಾಣುವುದಿಲ್ಲ. ಫಿನ್ ಕೂರುವ ಗೂಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಳಗಿನ ಫೋಮಿಗೆ ಉಪ್ಪುನೀರು ಸೇರಿ, ಬೋರ್ಡ್ ತಿಂಗಳುಗಳಲ್ಲಿ ಭಾರವಾಗುತ್ತ ಹೋಗುತ್ತದೆ. ನಿಮ್ಮ ಫಿನ್ ಈಗಾಗಲೇ ಎರಡು ಸಲ ತಾಗಿದೆ ಎಂದಿರಿ. ಹೊಸ ಫಿನ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ, ಗೂಡನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಬಿಸಿಲಿನಲ್ಲಿ ಅದರ ನಾಲ್ಕೂ ಮೂಲೆಗಳನ್ನು ನಿಧಾನವಾಗಿ ನೋಡಿ. ಒಣಗಿದ ಬಳಿಕವೂ ಯಾವುದಾದರೂ ಮೂಲೆಯಲ್ಲಿ ತೇವ ಒಸರುತ್ತಿದ್ದರೆ ಮೊದಲ ಖರ್ಚು ಫಿನ್ನಿನದಲ್ಲ, ಎಪಾಕ್ಸಿಯದು.

ಓರೆ ಫಿನ್ನು ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಲ್ಲದಿದ್ದರೂ ಇರುವುದರಲ್ಲಿ ಒಳ್ಳೆಯ ರಾಜಿ. ಹೊರದೇಶಗಳಲ್ಲಿ ಇದನ್ನು ನೀರುಕಳೆ ಸಿಕ್ಕಿಕೊಳ್ಳದಿರಲೆಂದು ಮಾಡುತ್ತಾರೆ. ಮುಂದಿನ ಅಂಚು ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದ ಎದುರಾದದ್ದು ಜಾರಿ ಹಿಂದೆ ಹೋಗುತ್ತದೆ. ನಮ್ಮಲ್ಲಿ ಕಳೆಗಿಂತ ಹೆಚ್ಚಾಗಿ ಎದುರಾಗುವುದು ಹಗ್ಗ ಮತ್ತು ಬಲೆ. ಚಳಿಗಾಲದ ಒಂದು ಮುಂಜಾನೆ ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದವರ ಹಗ್ಗವನ್ನು ದೂರದಿಂದ ಗಮನಿಸದೆ ನಾನು ನೇರ ಫಿನ್ನಿನಲ್ಲಿ ಅದರ ಮೇಲೆ ಹಾಯ್ದು, ಬೋರ್ಡಿನಿಂದ ನಾಲ್ಕು ಮಾರು ದೂರ ಬಿದ್ದದ್ದೂ, ದಡದಲ್ಲಿದ್ದವರಿಂದ ಬೈಸಿಕೊಂಡದ್ದೂ ಉಂಟು. ಬೈಗುಳ ನ್ಯಾಯವಾಗಿಯೇ ಇತ್ತು. ಓರೆ ಫಿನ್ನಿದ್ದರೆ ಹಗ್ಗದ ಮೇಲೆ ಹೋಗಬಹುದೆಂದು ಇದರ ಅರ್ಥವಲ್ಲ. ರಂಪಣಿ ಬಿಟ್ಟಿರುವ ದಿನ ಆ ಬಲೆಯ ಅರ್ಧಚಂದ್ರದೊಳಗೆ ಹೋಗಲೇಬಾರದು.

ಓರೆ ಫಿನ್ನಿನ ಅಳತೆಯಲ್ಲಿ ಒಂದು ಮೋಸ ಅಡಗಿದೆ. ಕೆಲವು ತಯಾರಕರು ಬೋರ್ಡಿನ ತಳದಿಂದ ನೇರ ಕೆಳಗಿನ ಆಳವನ್ನು ನಮೂದಿಸುತ್ತಾರೆ, ಕೆಲವರು ವಾಲಿದ ಅಂಚಿನ ಉದ್ದವನ್ನು ನಮೂದಿಸುತ್ತಾರೆ. ನಿಮಗೆ ಬೇಕಾದದ್ದು ಆಳ. ಆದ್ದರಿಂದ ಬರೆದ ಸಂಖ್ಯೆಯನ್ನು ನಂಬದೆ ಪಟ್ಟಿ ಹಿಡಿದು ಅಳೆಯಿರಿ, ಅಥವಾ ಮಾರುವವರಿಂದ ಅಳೆಸಿ. ಆಳ ಕಡಿಮೆಯಿದ್ದರೂ ಬುಡ ಅಗಲವಿರುವುದರಿಂದ ವಿಸ್ತೀರ್ಣ ಸರಿದೂಗುತ್ತದೆ, 30 ಸೆಂ.ಮೀ. ಆಳದ ಒಳ್ಳೆಯ ಓರೆ ಫಿನ್ ಹಿಡಿತದಲ್ಲಿ 36ರ ನೇರ ಫಿನ್ನಿನ ಹತ್ತಿರ ಬರುತ್ತದೆ. ಆದರೆ ಕೊಡುವುದೂ ಇದೆ: ಎದುರೇರುವ ಕೋನ ಕೆಲವು ಡಿಗ್ರಿ ತಗ್ಗುತ್ತದೆ, ಪ್ಲೇನಿಂಗಿಗೆ ಏರುವುದು ತಡವಾಗುತ್ತದೆ, ಬೋರ್ಡಿನ ಬಾಲ ನೀರಿಗೆ ಅಂಟಿದಂತೆ ಅನ್ನಿಸುತ್ತದೆ. ಗೆಳೆಯನ 30ರ ಫಿನ್ನಿನಲ್ಲಿ ನೀವು ಕಂಡ ಜಾರುವಿಕೆ ಇದರಲ್ಲಿ ಆಗಬಾರದು, ಏಕೆಂದರೆ ಅದು ಬಹುಶಃ ಅಲೆಯಾಟದ ಬೋರ್ಡಿನ ಕಿರಿದಾದ ಫಿನ್. ಸಂಖ್ಯೆ ಒಂದೇ ಆದರೂ ಜಾತಿ ಬೇರೆ.

ಆ ಜಾರುವಿಕೆಯ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಅದಕ್ಕೆಲ್ಲ ಅಳತೆಯನ್ನೇ ದೂರಿ ಜನ ದೊಡ್ಡ ದೊಡ್ಡ ಫಿನ್ನುಗಳನ್ನು ಕೊಳ್ಳುತ್ತಾರೆ. ಸ್ಪಿನ್‌ಔಟ್ ಎಂದು ಕರೆಯುವ ಈ ತೊಂದರೆಯಲ್ಲಿ ಫಿನ್ನಿನ ಒತ್ತಡ ತಗ್ಗಿದ ಮಗ್ಗುಲಿಗೆ ಮೇಲಿನಿಂದ ಗಾಳಿ ಇಳಿದು, ನೀರು ಫಿನ್ನನ್ನು ಬಿಟ್ಟುಬಿಡುತ್ತದೆ. ಬಾಲ ಸೋಪಿನ ಮೇಲೆ ನಿಂತಂತೆ ಪಕ್ಕಕ್ಕೆ ಹೋಗುತ್ತದೆ. ಫಿನ್ ಚಿಕ್ಕದಾದರೆ ಹೀಗಾಗುವುದು ನಿಜ. ಆದರೆ ಹಿಂಗಾಲಿನಿಂದ ಬಾಲವನ್ನು ಒದ್ದರೂ ಹೀಗಾಗುತ್ತದೆ, ಪೂರ್ಣ ಪ್ಲೇನಿಂಗಿಗೆ ಏರುವ ಮೊದಲೇ ಮೂತಿಯನ್ನು ಗಾಳಿಗೆ ತಿರುಗಿಸಿದರೂ ಹೀಗಾಗುತ್ತದೆ, ಫಿನ್ನಿನ ಮುಂದಿನ ಅಂಚಿನಲ್ಲಿ ಕಲ್ಲು ತಾಗಿ ಆದ ಒಂದು ಅಕ್ಕಿಕಾಳಿನಷ್ಟು ಕಚ್ಚಿನಿಂದಲೂ ಹೀಗಾಗುತ್ತದೆ. ಕಾಲುಪಟ್ಟಿಯಲ್ಲಿ ಹಿಂಗಾಲನ್ನು ಚಾಚಿ ಒತ್ತುವ ಬದಲು ಮೈಭಾರವನ್ನು ಹಾರ್ನೆಸ್ಸಿನ ಮೂಲಕ ಬೂಮಿಗೆ ಕೊಡುವುದನ್ನು ರೂಢಿಸಿಕೊಂಡರೆ ಅಳತೆ ಬದಲಿಸದೆಯೇ ಅರ್ಧ ತೊಂದರೆ ಹೋಗುತ್ತದೆ. ಜಾರಿಯೇ ಬಿಟ್ಟರೆ ಹಾಯಿಯನ್ನು ತುಸು ಸಡಿಲಿಸಿ, ಹಿಂಗಾಲಿನ ಭಾರ ತೆಗೆದು ಬಾಲವನ್ನು ನಿಮ್ಮ ಕೆಳಗೆ ಎಳೆದುಕೊಳ್ಳಿ. ನೀರು ಮತ್ತೆ ಫಿನ್ನನ್ನು ಹಿಡಿಯುತ್ತದೆ.

ಅಂಚಿನ ಕಚ್ಚುಗಳನ್ನು 400 ನಂಬರಿನ ವಾಟರ್ ಪೇಪರಿನಿಂದ, ಆಮೇಲೆ 600 ನಂಬರಿನದರಿಂದ, ನೀರು ಹಾಕುತ್ತಲೇ ಉದ್ದಕ್ಕೆ ಉಜ್ಜಿ ಸರಿಪಡಿಸಬಹುದು. ಮುಂದಿನ ಅಂಚು ದುಂಡಗೂ ಹಿಂದಿನ ಅಂಚು ತೆಳುವಾಗಿಯೂ ಇರಬೇಕು, ಆದರೆ ಕೈ ಕೊಯ್ಯುವಷ್ಟು ಚೂಪಾಗಬಾರದು. ಒಣದಾಗಿ ಉಜ್ಜಬೇಡಿ, ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಾಮಗ್ರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು: ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಫಿನ್ 6.5ರ ಹಾಯಿಗೆ ತಿರುಚಿಕೊಳ್ಳುತ್ತದೆ, ಕಾರ್ಬನ್ ನಮ್ಮ ಮರಳಿಗೆ ದುಬಾರಿ ಬಲಿ. ಗಾಜಿನ ನಾರು ಮತ್ತು ಎಪಾಕ್ಸಿಯನ್ನು ಒತ್ತಿ ಮಾಡಿದ ಜಿ-10 ಹಾಳೆಯಿಂದ ಕಡೆದ ಫಿನ್ ಪೆಟ್ಟು ತಾಳುತ್ತದೆ, ಮತ್ತೆ ಉಜ್ಜಿದರೆ ಸರಿಯಾಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಬೋರ್ಡಿನ ಗೂಡು ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ಬೋರ್ಡಿನ ಮೇಲ್ಮೈಯಲ್ಲಿ ಒಂದೇ ಬೋಲ್ಟಿನ ತೂತು ಇದ್ದರೆ ಅದು ಹೆಚ್ಚಾಗಿ ಪವರ್ ಬಾಕ್ಸ್. ಎರಡಿದ್ದರೆ ಟಟಲ್ ಅಥವಾ ಡೀಪ್ ಟಟಲ್. ಮೇಲೆ ತೂತೇ ಇಲ್ಲದೆ ಕೆಳಗೆ ಉದ್ದನೆಯ ಸೀಳಿದ್ದರೆ ಯುಎಸ್ ಬಾಕ್ಸ್. ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಪ್ಯಾರಿಸ್ 2024ರ ಒಲಿಂಪಿಕ್ಸಿನಲ್ಲಿ ಫಾಯಿಲ್ (ಬೋರ್ಡನ್ನು ನೀರಿನಿಂದ ಮೇಲೆತ್ತುವ ನೀರೊಳಗಿನ ರೆಕ್ಕೆ) ಇರುವ ಬೋರ್ಡುಗಳನ್ನು ಕಂಡವರು ಹಳೆಯ ಬೋರ್ಡಿಗೂ ಫಾಯಿಲ್ ಹಾಕಬಹುದೇ ಎಂದು ಕೇಳುತ್ತಿರುತ್ತಾರೆ. ಪವರ್ ಬಾಕ್ಸಿಗೆ ಹಾಕಬೇಡಿ, ಆ ಸನ್ನೆಯ ಬಲವನ್ನು ತಾಳಲು ಅದನ್ನು ಮಾಡಿಲ್ಲ. ಅಲ್ಲದೆ ಒಂದು ಮೀಟರಿನ ಹತ್ತಿರ ಆಳಕ್ಕಿಳಿಯುವ ಫಾಯಿಲಿಗೆ ಕಾಳಿ ನದಿಮುಖ ತಕ್ಕ ಜಾಗವೂ ಅಲ್ಲ.

ಇನ್ನು ಒಂದಕ್ಕೇ ಹಣವಿದ್ದರೆ ಎಂಬ ಮಾತು. ನೀವು ಉಬ್ಬರ ನೋಡಿಕೊಂಡು ಇಳಿಯುವವರಾದರೆ, ಬೋರ್ಡನ್ನು ಎತ್ತಿಕೊಂಡು ಸೊಂಟಮಟ್ಟದ ನೀರಿನವರೆಗೆ ನಡೆದುಹೋಗುವ ತಾಳ್ಮೆ ಇದ್ದರೆ, 38ರ ನೇರ ಫಿನ್ನನ್ನೇ ಕೊಳ್ಳಿ. ತೊಡೆಮಟ್ಟ ನೀರಿದ್ದರೆ ಆ ಫಿನ್ನಿಗೆ ಕನಿಷ್ಠ ಜಾಗ ಸಿಗುತ್ತದೆ. ಅಲೆಯ ತಗ್ಗಿನಲ್ಲಿ ನೀರು ಇನ್ನೂ ಇಳಿಯುವುದರಿಂದ ಸೊಂಟಮಟ್ಟ ಎಂದದ್ದು. ಆದರೆ ಕೆಲಸ ಮುಗಿಸಿ ಸಂಜೆ ಸಿಕ್ಕ ಎರಡು ಗಂಟೆಯಲ್ಲಿ, ನೀರು ಏರಿದೆಯೋ ಇಳಿದಿದೆಯೋ ನೋಡದೆ ಕೋಡಿಬಾಗದ ಮನೆಯಿಂದ ನೇರ ನೀರಿಗೆ ಇಳಿಯುವವರು ನೀವಾದರೆ ಓರೆ ಫಿನ್ನೇ ಮೊದಲು ಬೇಕಾದದ್ದು. 38ರದನ್ನು ಮುಂದಿನ ಹಂಗಾಮಿಗೆ ನೋಡಿಕೊಳ್ಳಬಹುದು. ಯಾವುದನ್ನೇ ತರಿಸಿದರೂ ಹಳೆಯ ಫಿನ್ನಿನ ಬುಡವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಅಳತೆಗಳನ್ನು ಬರೆದು, ಅದರ ಚಿತ್ರವನ್ನು ಮಾರುವವರಿಗೆ ಕಳಿಸಿ. ಹೊಸ ಫಿನ್ ಗೂಡಿನಲ್ಲಿ ಕೈಯ ಒತ್ತಡಕ್ಕೆ ಕೂತು, ಬೋಲ್ಟ್ ಬಿಗಿದ ಮೇಲೆ ಬುಡಕ್ಕೂ ಬೋರ್ಡಿನ ತಳಕ್ಕೂ ನಡುವೆ ಉಗುರು ತೂರದಂತಿರಬೇಕು. ಸಂದು ಉಳಿದರೆ ಗಾಳಿ ಇಳಿಯಲು ಅದೇ ದಾರಿಯಾಗುತ್ತದೆ.